ಬಂಡಿ ದಾರಿ ಯಾರದು?

ಟಾರು ರಸ್ತೆ ಊರಿನ ತನಕ ಬರುತ್ತೆ. ಅಲ್ಲಿಂದ ಮುಂದೆ ಹೊಲಕ್ಕೆ ಹೋಗೋದು ಬಂಡಿ ದಾರಿ. ಗೊಬ್ಬರದ ಗಾಡಿ, ಹುಲ್ಲಿನ ಗಾಡಿ, ಈಗ ಟ್ರ್ಯಾಕ್ಟರು, ಎಲ್ಲಾ ಇದೇ ದಾರಿಯಲ್ಲಿ ಹೋಗಬೇಕು. ದನ, ಕುರಿಯೂ ಇಲ್ಲೇ ನಡೀಬೇಕು.

ಈ ದಾರಿ ಒಂದೇ ದಿನಕ್ಕೆ ಮುಚ್ಚಿಹೋಗಲ್ಲ. ಪಕ್ಕದ ಹೊಲದವರು ಈ ವರ್ಷ ಒಂದು ಸಾಲು ಒತ್ತಿ ಉಳುತ್ತಾರೆ. ಮುಂದಿನ ವರ್ಷ ಇನ್ನೊಂದು ಸಾಲು. ಆಮೇಲೆ ಮುಳ್ಳು ಬೇಲಿ ಬರುತ್ತೆ. ಜೋಡಿ ಎತ್ತು ನಡೆಯುತ್ತಿದ್ದ ಜಾಗದಲ್ಲಿ ಒಬ್ಬರು ನಡೆಯೋದೂ ಕಷ್ಟವಾಗುತ್ತೆ.

ಗಾಡಿ ಹೋಗದಿದ್ದರೆ ಗೊಬ್ಬರ ಹೊರೋರು ಯಾರು? ನಾವೇ. ಪುಟ್ಟಿಗೆ ತುಂಬಿ ತಲೆ ಮೇಲೆ ಹೊರಬೇಕು. ಒಂದು ಗಾಡಿ ಗೊಬ್ಬರಕ್ಕೆ ಎಷ್ಟು ಪುಟ್ಟಿ, ಎಷ್ಟು ಸಲ ಓಡಾಟ? ಲೆಕ್ಕ ಹಾಕಿ ನೋಡಿ. ಕೊಯ್ದ ಪೈರೂ ಹಾಗೇ. ಗಂಡಸರು ಬೇಲಿ ಹತ್ತಿರ ನಿಂತು ಜಗಳ ಆಡ್ತಾರೆ. ಹೊರೆ ನಮ್ಮ ತಲೆ ಮೇಲೇ ಇರುತ್ತೆ. ಗಂಡ ಇಲ್ಲದ ಹೆಂಗಸಿನ ಹೊಲ ಹಿಂದುಗಡೆ ಇದ್ದರಂತೂ ಕೇಳೋದೇ ಬೇಡ. ದಾರಿ ಇಲ್ಲದ ಹೊಲವನ್ನು ಅರ್ಧ ಬೆಲೆಗೆ ಕೇಳೋರು ಬರ್ತಾರೆ. ಕೆಲವು ಕಡೆ ದಾರಿ ಮುಚ್ಚಿದವರೇ ಆ ಬೆಲೆ ಕೇಳ್ತಾರೆ!

"ಇದು ನನ್ನ ಜಮೀನು, ಇಲ್ಲಿ ಓಡಾಡಬೇಡಿ" ಅಂತ ಅವರು ಅಂದರೆ ನಾವು ಏನು ಮಾಡಬೇಕು? ಮೊದಲು ಗ್ರಾಮ ನಕಾಶೆ ನೋಡಬೇಕು. ತಾಲ್ಲೂಕಿನ ಸರ್ವೆ ಕಚೇರಿಯಲ್ಲಿ ಅದರ ನಕಲು ಸಿಗುತ್ತೆ. ನಕಾಶೆಯಲ್ಲಿ ಪ್ರತಿ ಹೊಲಕ್ಕೂ ಸರ್ವೆ ನಂಬರು ಇರುತ್ತೆ. ನಮ್ಮ ನಂಬರು ಹುಡುಕೋಣ. ಸಾಮಾನ್ಯವಾಗಿ ಒಂಟಿ ಚುಕ್ಕೆ ಗೆರೆ ಅಂದರೆ ಕಾಲುದಾರಿ. ಜೋಡಿ ಚುಕ್ಕೆ ಗೆರೆ ಅಂದರೆ ಬಂಡಿ ದಾರಿ. ಅಂಕಿ, ಅಕ್ಷರ ಕಲಿತ ನಮಗೆ ಇದು ಕಷ್ಟವಲ್ಲ.

ನಕಾಶೆಯಲ್ಲಿ ದಾರಿ ಇದ್ದರೆ ಅದನ್ನು ಮುಚ್ಚುವ ಹಕ್ಕು ಯಾರಿಗೂ ಇಲ್ಲ. ಪಹಣಿ ಅವರ ಹೆಸರಲ್ಲಿ ಇದ್ದರೂ ಇಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಡಬೇಕು. ನಕಾಶೆಯ ನಕಲು ಜೊತೆಗಿಡಬೇಕು. ಅರ್ಜಿ ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೀಬೇಕು. ಇಂಥ ದಾರಿಗಳ ಅಡ್ಡಿ ತೆಗೆಸಬೇಕೆಂದು ಕರ್ನಾಟಕದ ಕಂದಾಯ ಇಲಾಖೆ 2023ರಲ್ಲಿ ಸುತ್ತೋಲೆ ಹೊರಡಿಸಿತು. ಒಬ್ಬರೇ ಹೋದರೆ "ನಾಳೆ ಬಾರಮ್ಮ" ಅನ್ನೋದುಂಟು. ಆ ದಾರಿ ಬಳಸೋರೆಲ್ಲಾ ಸೇರಿ ಸಹಿ ಹಾಕಿ ಕೊಡೋದು ಒಳ್ಳೇದು.

ನಕಾಶೆಯಲ್ಲಿ ದಾರಿ ಇಲ್ಲದಿದ್ದರೆ? ಆಗ 1882ರ ಒಂದು ಕಾಯಿದೆ ಇದೆ. ಬೇರೆಯವರ ಜಮೀನಿನಲ್ಲಿ 20 ವರ್ಷ ಎಲ್ಲರಿಗೂ ಕಾಣುವ ಹಾಗೆ, ನಮ್ಮ ಹಕ್ಕು ಅಂತಲೇ, ತಡೆಯಿಲ್ಲದೆ ನಡೆದಿದ್ದರೆ ಆ ದಾರಿಯ ಹಕ್ಕು ಕೇಳಬಹುದು. ಆದರೆ ಇದಕ್ಕೆ ಸಿವಿಲ್ ಕೋರ್ಟಿಗೆ ಹೋಗಬೇಕು, ಸಾಕ್ಷಿ ಬೇಕು. ದಿನವೂ ಹಿಡಿಯುತ್ತೆ, ದುಡ್ಡೂ ಹಿಡಿಯುತ್ತೆ. ಊರ ಹಿರಿಯರನ್ನು ಕೂರಿಸಿ ಮಾತಾಡಿ, ಒಪ್ಪಿದ್ದನ್ನು ಬರೆಸಿ ನೋಂದಣಿ ಮಾಡಿಸೋದು ಎಷ್ಟೋ ವಾಸಿ.

ಇಂಗ್ಲೆಂಡ್ ದೇಶದಲ್ಲೂ ಇದೇ ಗೋಳು ಇದೆ. ಅಲ್ಲಿ ಹೊಲಗಳ ನಡುವೆ ಕುದುರೆ ಸವಾರರು, ಕುದುರೆ ಗಾಡಿಯವರು ಹೋಗೋ ಹಳೇ ದಾರಿಗಳಿವೆ. 1949ರಲ್ಲಿ ಕಾಯಿದೆ ತಂದು ಇಂಥ ದಾರಿಗಳನ್ನು ನಕಾಶೆಗೆ ಏರಿಸಲು ಶುರು ಮಾಡಿದರು. ಬಿಟ್ಟುಹೋದ ದಾರಿಗೆ ಅವರೂ ಹಳೇ ಕಾಗದ, ಓಡಾಡಿದವರ ಸಾಕ್ಷಿ ಹುಡುಕ್ತಾರೆ.

ದಾರಿ ಇದ್ದರೆ ಸಾಲದು, ಮಳೆಗಾಲದಲ್ಲಿ ಗಾಡಿ ಹೂತುಕೊಳ್ಳಬಾರದು. ಎರೆ ಮಣ್ಣಿನ ಸೀಮೆಯವರಿಗೆ ಇದು ಚೆನ್ನಾಗಿ ಗೊತ್ತು. ಪಕ್ಕದಲ್ಲಿ ಚರಂಡಿ ತೆಗೆದು, ನೀರು ಹರಿಯೋ ಕಡೆ ಮೋರಿ ಹಾಕಿ, ಮೇಲೆ ಗರಸು ಮಣ್ಣು ಹಾಕಿದರೆ ದಾರಿ ನಿಲ್ಲುತ್ತೆ. 'ನಮ್ಮ ಹೊಲ ನಮ್ಮ ದಾರಿ' ಅನ್ನೋ ಹೆಸರಲ್ಲಿ ಉದ್ಯೋಗ ಖಾತ್ರಿ ಕೂಲಿಯಿಂದ ನಮ್ಮ ರಾಜ್ಯದಲ್ಲಿ ಇಂಥ ಕೆಲಸ ನಡೆದಿದೆ. ನಮ್ಮ ದಾರಿಯ ಕೆಲಸವನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು, ಪುಸ್ತಕದಲ್ಲಿ ಬರೆಸಬೇಕು.

ಇನ್ನೊಂದು ಮಾತು. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಜಮೀನು ಪಾಲು ಮಾಡಿಕೊಳ್ಳುವಾಗ ದಾರಿಯ ಮಾತೇ ಬರಲ್ಲ. "ನಮ್ಮವರೇ ಅಲ್ವಾ" ಅಂತ ಬಿಟ್ಟುಬಿಡ್ತೀವಿ. ಹೆಣ್ಣುಮಕ್ಕಳಿಗೆ ಬರೋದು ಎಷ್ಟೋ ಸಲ ಹಿಂದಿನ ತುಂಡು. ಪಾಲುಪತ್ರದಲ್ಲೇ ದಾರಿ ಬರೆಸಬೇಕು. ಯಾವ ಬದುವಿನ ಪಕ್ಕ, ಎಲ್ಲಿಂದ ಎಲ್ಲಿಗೆ, ಎಷ್ಟು ಅಡಿ ಅಗಲ, ಗಾಡಿ ಹೋಗಬಹುದೋ ಹೇಗೆ, ಎಲ್ಲಾ ಇರಬೇಕು. ಅಗಲವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಓದಿ ನೋಡಿ ಆಮೇಲೆ ಸಹಿ ಹಾಕೋಣ.