ಬೆಳಕನ್ನು ಅಳೆಯುವವರು ಯಾರು?

೧೯೭೬ರಲ್ಲಿ ಜಪಾನ್ ದೇಶದ ಎರಡು ಕ್ಯಾಮೆರಾಗಳು ಪೇಟೆಗೆ ಬಂದವು. ಒಂದು, ಕ್ಯಾನನ್ ಸಂಸ್ಥೆಯ ‘ಎ.ಇ.-೧’. ಅದರ ಒಡಲಿನಲ್ಲಿ ಪುಟ್ಟದೊಂದು ಗಣಕವೇ ಅಡಗಿತ್ತು. ಇನ್ನೊಂದು, ಅಸಾಹಿ ಸಂಸ್ಥೆಯ ‘ಪೆಂಟಾಕ್ಸ್ ಕೆ-೧೦೦೦’. ಅದರಲ್ಲಿ ತಾನಾಗಿ ನಡೆಯುವ ಭಾಗ ಯಾವುದೂ ಇರಲಿಲ್ಲ. ಎ.ಇ.-೧ರ ತಯಾರಿಕೆ ೧೯೮೪ರಲ್ಲಿ ನಿಂತು, ಅದರ ಸ್ಥಾನಕ್ಕೆ ಇನ್ನೂ ಹೊಸ ಮಾದರಿಗಳು ಬಂದವು. ಸರಳವಾದ ಕೆ-೧೦೦೦ ಮಾತ್ರ ೧೯೯೭ರವರೆಗೂ ತಯಾರಾಗುತ್ತಲೇ ಇತ್ತು. ಛಾಯಾಗ್ರಹಣವನ್ನು ಕಲಿಯುವ ವಿದ್ಯಾರ್ಥಿಗಳ ಕೈಯಲ್ಲಿ ಬಹುಕಾಲ ಮೆರೆದುದು ಇದೇ. ಜಾಣ ಯಂತ್ರವಿರುವಾಗ ಸರಳ ಯಂತ್ರವನ್ನು ಆರಿಸಿಕೊಳ್ಳುವುದೇಕೆ? ಈ ಪ್ರಶ್ನೆಯನ್ನು ನಾವು ಇಲ್ಲಿ ವಿಚಾರಿಸೋಣ.

ಚಿತ್ರ ಸರಿಯಾಗಿ ಮೂಡಲು ಫಿಲ್ಮಿಗೆ ತಕ್ಕಷ್ಟು ಬೆಳಕು ಬೀಳಬೇಕು. ಹೆಚ್ಚಾದರೆ ಚಿತ್ರ ಬಿಳಿಚಿಕೊಳ್ಳುವುದು, ಕಡಮೆಯಾದರೆ ಕಪ್ಪಾಗುವುದು. ಬೆಳಕಿನ ಪ್ರಮಾಣವನ್ನು ಎರಡು ಸಂಗತಿಗಳು ಗೊತ್ತುಮಾಡುತ್ತವೆ: ಮಸೂರದ ಕಿಂಡಿ ಎಷ್ಟು ಅಗಲವಾಗಿದೆ, ಶಟರಿನ ಪರದೆ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುವು. ನಲ್ಲಿಯ ಕೆಳಗಿಟ್ಟ ಕೊಡವನ್ನು ನೆನೆಯಿರಿ. ನೀರನ್ನು ಜೋರಾಗಿ ಬಿಟ್ಟರೆ ಕೊಡ ಬೇಗ ತುಂಬುವುದು. ಸಣ್ಣಗೆ ಬಿಟ್ಟರೆ ತಡವಾಗಿ ತುಂಬುವುದು.

ಮಸೂರದ ಸುತ್ತಲಿನ ಉಂಗುರದ ಮೇಲೆ ೨, ೨.೮, ೪, ೫.೬, ೮, ೧೧, ೧೬ ಎಂಬ ಅಂಕಿಗಳಿರುತ್ತವೆ. ಸಂಗಮದೂರವನ್ನು ಈ ಅಂಕಿಯಿಂದ ಭಾಗಿಸಿದರೆ ಕಿಂಡಿಯ ವ್ಯಾಸ ದೊರೆಯುತ್ತದೆ. ೫೦ ಮಿಲಿಮೀಟರಿನ ಮಸೂರದಲ್ಲಿ ೨ ಎಂದರೆ ೨೫ ಮಿಲಿಮೀಟರಿನ ಕಿಂಡಿ. ಒಂದೊಂದು ಮೆಟ್ಟಿಲಿಗೂ ವ್ಯಾಸವು ೨ರ ವರ್ಗಮೂಲದ ಪ್ರಮಾಣದಲ್ಲಿ ಕಿರಿದಾಗುವುದರಿಂದ ವಿಸ್ತೀರ್ಣವು ಅರ್ಧಕ್ಕಿಳಿಯುತ್ತದೆ. ಅಂಕಿ ೧೬ಕ್ಕೆ ಬರುವ ವೇಳೆಗೆ ಒಳಗೆ ಬರುವ ಬೆಳಕು ೬೪ನೆಯ ಒಂದು ಪಾಲು ಮಾತ್ರ.

೧೦೦ರ ಸಂವೇದನೆಯ ಫಿಲ್ಮಿಗೆ ಪ್ರಖರವಾದ ಬಿಸಿಲಿನಲ್ಲಿ ೧೬ರ ಕಿಂಡಿ, ೧/೧೨೫ ಸೆಕೆಂಡು ಸಾಮಾನ್ಯವಾಗಿ ಸರಿಹೋಗುತ್ತದೆ. ೮ರ ಕಿಂಡಿ, ೧/೫೦೦ ಸೆಕೆಂಡು ಇಟ್ಟರೂ ಬೆಳಕು ಅಷ್ಟೇ. ಆದರೆ ಚಿತ್ರ ಒಂದೇ ಅಲ್ಲ! ಮೊದಲನೆಯದರಲ್ಲಿ ಹತ್ತಿರದ ಗಿಡವೂ ದೂರದ ಬೆಟ್ಟವೂ ಸ್ಪಷ್ಟವಾಗುವುವು. ಎರಡನೆಯದರಲ್ಲಿ ಓಡುವ ಹುಡುಗನ ಕಾಲು ನಡುಗಾಳಿಯಲ್ಲಿ ನಿಂತಂತೆ ಮೂಡುವುದು. ನಮಗೆ ಬೇಕಾದುದು ಬೆಟ್ಟವೋ, ಓಟವೋ? ಯಂತ್ರವು ಇದನ್ನು ಊಹಿಸಬಲ್ಲುದು, ನಿರ್ಧರಿಸಬೇಕಾದವರು ನಾವು.

ಬೆಳಕುಮಾಪಕಕ್ಕೂ ಒಂದು ಮಿತಿಯಿದೆ. ಎದುರಿನ ನೋಟವು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ೧೮ ಶೇಕಡದಷ್ಟನ್ನು ಹಿಂತಿರುಗಿಸುವ ಬೂದುಬಣ್ಣದ್ದೆಂದು ಎಣಿಸುವುದು ಅದರ ವಾಡಿಕೆ. ಚೌಕಟ್ಟಿನ ತುಂಬ ಸುಣ್ಣದ ಗೋಡೆಯೇ ಇದ್ದರೆ ‘ಬೆಳಕು ಹೆಚ್ಚಾಯಿತು’ ಎಂದು ಅದು ಕಡಮೆ ಮಾಡಿಸುತ್ತದೆ, ಗೋಡೆ ಬೂದಿಯಾಗುತ್ತದೆ. ಕರಿಯ ಕಂಬಳಿಯಿದ್ದರೆ ಬೆಳಕನ್ನು ಹೆಚ್ಚಿಸುತ್ತದೆ; ಕಂಬಳಿಯೂ ಬೂದಿಯಾಗುತ್ತದೆ.

ಕೆ-೧೦೦೦ರ ಮಾಪಕವೂ ಹೀಗೆಯೇ ಮೋಸಹೋಗುತ್ತಿತ್ತು. ಆದರೆ ಅದರ ಮುಳ್ಳು ಸಲಹೆ ಕೊಟ್ಟು ಸುಮ್ಮನಾಗುತ್ತಿತ್ತು. ಉಂಗುರವನ್ನು ತಿರುಗಿಸುವ ಕೈ ಮನುಷ್ಯನದು. ಗೋಡೆ ಬಿಳಿಯದೆಂದು ಬಲ್ಲವನು ಒಂದೆರಡು ಮೆಟ್ಟಿಲು ಹೆಚ್ಚು ಬೆಳಕು ಕೊಡುತ್ತಿದ್ದನು. ಎ.ಇ.-೧ರಲ್ಲಿಯೂ ತಿದ್ದಿಕೊಳ್ಳಲು ಅವಕಾಶವಿತ್ತು. ಆದರೆ ಕಾಲವನ್ನು ಗೊತ್ತುಮಾಡಿದರೆ ಕಿಂಡಿಯನ್ನು ತಾನೇ ಆರಿಸುವ ಯಂತ್ರವನ್ನು ಪ್ರಶ್ನಿಸಲು, ಅದು ಎಲ್ಲಿ ತಪ್ಪುವುದೆಂಬುದನ್ನು ಮೊದಲೇ ಅರಿತಿರಬೇಕಷ್ಟೆ.

ಶಟರಿನ ರಚನೆಯಲ್ಲಿಯೂ ಭೇದವುಂಟು. ಕೆ-೧೦೦೦ರಲ್ಲಿ ಸನ್ನೆಯನ್ನು ಎಳೆದಾಗ ಬಿಗಿದ ಸ್ಪ್ರಿಂಗುಗಳೇ ಬಟ್ಟೆಯ ಎರಡು ಪರದೆಗಳನ್ನು ಓಡಿಸುತ್ತವೆ. ಬ್ಯಾಟರಿ ಬೇಕಾದುದು ಮಾಪಕಕ್ಕೆ ಮಾತ್ರ. ಅದು ಮುಗಿದರೂ ಚಿತ್ರ ತೆಗೆಯಬಹುದು. ಎ.ಇ.-೧ರಲ್ಲಿ ಪರದೆಯ ಕಾಲವನ್ನು ವಿದ್ಯುನ್ಮಂಡಲವು ಆಳುತ್ತದೆ. ಬ್ಯಾಟರಿ ಮುಗಿದರೆ ಪರದೆ ಕದಲದು.

ಸ್ವಯಂಚಾಲನೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹಾರುವ ಹಕ್ಕಿಯನ್ನೋ ಆಟದ ಬಯಲಿನ ರಭಸವನ್ನೋ ಹಿಡಿಯಲು ಅದು ದೊಡ್ಡ ನೆರವು. ಇಂದಿನ ಮೊಬೈಲಿನ ಕ್ಯಾಮೆರಾ ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಬೆಸೆಯಬಲ್ಲುದು. ಆದರೆ ಲೆಕ್ಕವನ್ನು ಎಂದೂ ತಾನೇ ಮಾಡದವನಿಗೆ ಬಂದ ಉತ್ತರ ತಪ್ಪೆಂದು ತಿಳಿಯುವ ಬಗೆಯಾದರೂ ಹೇಗೆ? ಛಾಯಾಗ್ರಹಣಕ್ಕೆ ಮಾತ್ರವೇ ಅಲ್ಲ, ನಮಗಾಗಿ ಆಲೋಚಿಸುವ ಪ್ರತಿಯೊಂದು ಯಂತ್ರಕ್ಕೂ ಈ ಮಾತು ಸಲ್ಲುವುದು.

ಇದನ್ನು ಅರಿಯಲು ಹಳೆಯ ಕ್ಯಾಮೆರಾವೇ ಬೇಕೆಂದಿಲ್ಲ. ಇಂದಿನ ಅನೇಕ ಕ್ಯಾಮೆರಾಗಳ ತಿರುಗುಬಿಲ್ಲೆಯ ಮೇಲೆ ‘ಎಂ’ ಎಂಬ ಗುರುತು ಇರುತ್ತದೆ. ಅಲ್ಲಿ ಎರಡು ಅಂಕಿಗಳನ್ನೂ ನಾವೇ ಇಡಬಹುದು. ಬಿಳಿಯ ಗೋಡೆಯನ್ನೂ ಕರಿಯ ಕಂಬಳಿಯನ್ನೂ ಚೌಕಟ್ಟಿನ ತುಂಬ ಹಿಡಿದು, ಮೊದಲು ಸ್ವಯಂಚಾಲನೆಯಲ್ಲಿ, ಅನಂತರ ಸ್ವಂತ ಲೆಕ್ಕದಲ್ಲಿ ಚಿತ್ರ ತೆಗೆಯಿರಿ. ನಾಲ್ಕನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಯಂತ್ರದ ಅಳತೆ ಎಲ್ಲಿ ಮುಗಿದು ನಮ್ಮ ವಿವೇಚನೆ ಎಲ್ಲಿ ತೊಡಗಬೇಕೆಂಬುದು ತಾನಾಗಿ ವಿಶದವಾಗುವುದು.