ತಳಮಳಿಸುವ ಮಕ್ಕಳಿಗೆ ಮೈಗೆಲಸದ ಆಸರೆ

ಜಾತ್ರೆ, ರಥೋತ್ಸವ, ಮದುವೆ ಮೊದಲಾದ ಸಂದರ್ಭಗಳಲ್ಲಿ ಹೆಚ್ಚಿನ ಮಕ್ಕಳು ಸಂಭ್ರಮಿಸುತ್ತಾರೆ. ಆದರೆ ಕೆಲವು ಮಕ್ಕಳು ಸಮಾಳದ ನಾದ ಕೇಳಿದೊಡನೆ ಎರಡೂ ಕಿವಿಗಳನ್ನು ಮುಚ್ಚಿಕೊಂಡು ಕಿರುಚುತ್ತಾರೆ. ಹಬ್ಬಕ್ಕೆಂದು ತೊಡಿಸಿದ ಹೊಸ ಅಂಗಿಯ ಹೊಲಿಗೆ ಅವರ ಮೈಗೆ ಮುಳ್ಳಿನಂತೆ ಚುಚ್ಚುತ್ತದೆ, ಅದನ್ನು ಕಿತ್ತೆಸೆಯುತ್ತಾರೆ. ಇನ್ನು ಕೆಲವರು ಪ್ರಸಾದದ ಪಂಕ್ತಿಯಲ್ಲಿ ಐದು ನಿಮಿಷವೂ ಕುಳಿತಿರಲಾರರು. ಓಡುತ್ತಾರೆ, ಗಿರಗಿರನೆ ತಿರುಗುತ್ತಾರೆ, ಕಂಡವರಿಗೆ ಡಿಕ್ಕಿ ಹೊಡೆಯುತ್ತಾರೆ. ಸುತ್ತಲಿನವರು ಅಂಥ ಮಗುವನ್ನು ಹಟಮಾರಿ ಎನ್ನುತ್ತಾರೆ. ತಾಯಿಯ ಮುದ್ದು ಹೆಚ್ಚಾಯಿತು, ಎರಡು ಬಿಗಿದರೆ ಸರಿಹೋಗುತ್ತದೆ ಎಂದು ಬುದ್ಧಿ ಹೇಳುತ್ತಾರೆ. ಇಂತಹ ಮಾತಿಗೆ ಅಂಜಿ ಮಠಕ್ಕೂ ಬಂಧುಗಳ ಮನೆಗೂ ಹೋಗುವುದನ್ನೇ ಬಿಟ್ಟ ತಾಯಂದಿರು ಉಂಟು.

ಈ ಮಕ್ಕಳಲ್ಲಿ ಹಲವರದು ಹಟವಲ್ಲ, ತಳಮಳ. ಹೊರಗಿನ ಸದ್ದು, ಬೆಳಕು, ಸ್ಪರ್ಶಗಳನ್ನು ಅವರ ಮೆದುಳು ನಮ್ಮಂತೆ ಸೋಸಿ ಸ್ವೀಕರಿಸುವುದಿಲ್ಲ. ಆ ತಳಮಳವನ್ನು ಕಡಿಮೆ ಮಾಡಲು ಮನೆಯಲ್ಲಿಯೇ ಮಾಡಿಸಬಹುದಾದ ಕೆಲವು ಶಾರೀರಿಕ ಚಟುವಟಿಕೆಗಳನ್ನು ಈ ಲೇಖನದಲ್ಲಿ ವಿವರಿಸುತ್ತೇವೆ. ಇವುಗಳಿಗೆ ದುಬಾರಿ ಸಲಕರಣೆ ಬೇಕಿಲ್ಲ. ಬೇಕಾದದ್ದು ನಿತ್ಯದ ಒಂದು ಕ್ರಮ ಮತ್ತು ಮಗುವಿನ ಮೇಲೆ ನಂಬಿಕೆ.

ಐದರ ಆಚೆಗಿನ ಇಂದ್ರಿಯಗಳು

ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಎಂಬ ಪಂಚೇಂದ್ರಿಯಗಳನ್ನು ಎಲ್ಲರೂ ಬಲ್ಲರು. ಇವುಗಳ ಜೊತೆಗೆ ಶರೀರದೊಳಗೆ ಇನ್ನೆರಡು ಮುಖ್ಯ ಸಂವೇದನೆಗಳಿವೆ ಎಂದು ಶರೀರಶಾಸ್ತ್ರ ಹೇಳುತ್ತದೆ. ಒಂದು, ಸ್ನಾಯು ಮತ್ತು ಕೀಲುಗಳ ಸಂವೇದನೆ. ಕಣ್ಣು ಮುಚ್ಚಿಕೊಂಡಿದ್ದರೂ ನಮ್ಮ ಕೈ ಎಲ್ಲಿದೆ, ಮೊಣಕಾಲು ಎಷ್ಟು ಮಡಿಚಿದೆ ಎಂಬುದು ನಮಗೆ ತಿಳಿಯುವುದು ಇದರಿಂದಲೇ. ಇನ್ನೊಂದು, ಒಳಕಿವಿಯಲ್ಲಿರುವ ಸಮತೋಲನದ ಸಂವೇದನೆ. ಅಲ್ಲಿ ದ್ರವ ತುಂಬಿದ ಮೂರು ಅರೆವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ದ್ರವವು ಚಲಿಸಿ, ಆ ಸುದ್ದಿಯನ್ನು ನರಗಳು ಮೆದುಳಿಗೆ ಮುಟ್ಟಿಸುತ್ತವೆ.

ಇಂದ್ರಿಯಗಳಿಂದ ಬರುವ ಈ ಎಲ್ಲ ಸುದ್ದಿಗಳನ್ನು ಮೆದುಳು ಹೊಂದಿಸಿಕೊಂಡಾಗ ಮಾತ್ರ ಮಗು ನೆಮ್ಮದಿಯಿಂದ ಕಲಿಯಬಲ್ಲದು ಎಂಬ ವಿಚಾರವನ್ನು ಮುಂದಿಟ್ಟವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್. 1972ರಲ್ಲಿ ಪ್ರಕಟವಾದ ಅವರ ಗ್ರಂಥದಿಂದ ಈ ವಿಚಾರಕ್ಕೆ ಹೆಚ್ಚಿನ ಪ್ರಚಾರ ದೊರೆಯಿತು. ಕೆಲವು ಮಕ್ಕಳಿಗೆ ಸಣ್ಣ ಸದ್ದೂ ಸಿಡಿಲಿನಂತೆ ಕೇಳುತ್ತದೆ. ಕೆಲವರಿಗೆ ಎಷ್ಟು ಕುಣಿದರೂ ಮೈಗೆ ತೃಪ್ತಿಯಾಗುವುದಿಲ್ಲ. ಒಂದೇ ಮಗುವಿನಲ್ಲಿ ಈ ಎರಡೂ ಕಂಡುಬರಬಹುದು. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಇಂತಹ ವ್ಯತ್ಯಾಸ ಕಾಣುತ್ತದೆ. ಏಕಾಗ್ರತೆಯ ಕೊರತೆಯುಳ್ಳ ಮಕ್ಕಳಲ್ಲಿಯೂ, ಬೇರಾವ ತೊಂದರೆಯೂ ಇಲ್ಲದ ಕೆಲವು ಮಕ್ಕಳಲ್ಲಿಯೂ ಇದು ಇರಬಹುದು.

ಭಾರದ ಕೆಲಸ

ನೂಕುವುದು, ಎಳೆಯುವುದು, ಎತ್ತುವುದು, ಹೊರುವುದು, ಹಿಚುಕುವುದು ಇವೆಲ್ಲವೂ ಸ್ನಾಯು ಮತ್ತು ಕೀಲುಗಳಿಗೆ ಬಲವಾದ ಸಂವೇದನೆಯನ್ನು ಕೊಡುತ್ತವೆ. ಬಹುತೇಕ ಮಕ್ಕಳಿಗೆ ಇದು ಹಿತವಾಗುತ್ತದೆ. ಮಂಕಾಗಿರುವ ಮಗುವನ್ನು ಎಚ್ಚರಗೊಳಿಸುವುದಕ್ಕೂ ಉದ್ರೇಕಗೊಂಡ ಮಗುವನ್ನು ತಣಿಸುವುದಕ್ಕೂ ಇದು ನೆರವಾಗಬಹುದೆಂದು ಚಿಕಿತ್ಸಕರು ಮೊದಲು ಇದನ್ನೇ ಸೂಚಿಸುತ್ತಾರೆ.

ನಮ್ಮ ಮನೆಗಳಲ್ಲಿ ಇಂತಹ ಕೆಲಸಕ್ಕೆ ಬರವಿಲ್ಲ. ಜೋಳದ ಹಿಟ್ಟನ್ನು ನಾದಿ, ಅಂಗೈಯಿಂದ ರೊಟ್ಟಿ ತಟ್ಟಲು ಮಗುವಿಗೆ ಒಂದು ಉಂಡೆ ಕೊಡಬಹುದು. ರೊಟ್ಟಿ ಹರಿದರೂ ಚಿಂತೆಯಿಲ್ಲ. ಸಣ್ಣ ತಂಬಿಗೆಯಲ್ಲಿ ನೀರು ತಂದು ಗಿಡಗಳಿಗೆ ಹಾಕಿಸಬಹುದು. ಒದ್ದೆ ಬಟ್ಟೆಯನ್ನು ಹಿಂಡಿಸಬಹುದು, ಅಂಗಳ ಗುಡಿಸಲು ಹೇಳಬಹುದು. ಬಟ್ಟೆ ತುಂಬಿದ ಬುಟ್ಟಿಯನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನೂಕಿಸಬಹುದು. ಕೆಲಸವಿಲ್ಲದಾಗ ಆಟವಿದೆ. ಎರಡೂ ಅಂಗೈಗಳನ್ನು ಗೋಡೆಗೆ ಊರಿ, ಹತ್ತು ಎಣಿಸುವವರೆಗೆ ಗೋಡೆಯನ್ನು ನೂಕುವುದು, ಕೈಕಾಲು ಊರಿ ಕರಡಿಯಂತೆ ನಡೆಯುವುದು, ಕಪ್ಪೆಯಂತೆ ಜಿಗಿಯುವುದು, ಹಗ್ಗ ಜಗ್ಗಾಟ, ಕುಂಟೆಬಿಲ್ಲೆ ಇವೆಲ್ಲವೂ ಈ ಗುಂಪಿಗೇ ಸೇರುತ್ತವೆ.

ಶರಣ ಪರಂಪರೆಯಲ್ಲಿ ದೈಹಿಕ ದುಡಿಮೆಗೆ ಇರುವ ಗೌರವವನ್ನು ಇಲ್ಲಿ ನೆನೆಯುವುದು ಉಚಿತ. ಮೋಳಿಗೆಯ ಮಾರಯ್ಯನವರು ಸೌದೆ ಹೊತ್ತರು, ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು. ಅವರು ಅದನ್ನು ಚಿಕಿತ್ಸೆಯೆಂದು ಮಾಡಲಿಲ್ಲ, ಕಾಯಕವೆಂದು ಮಾಡಿದರು. ಮಗುವಿನ ವಿಷಯದಲ್ಲಿಯೂ ಈ ಭಾವ ಮುಖ್ಯ. ಕೆಲಸವನ್ನು ದಂಡನೆಯಾಗಿ ಹೇರಿದರೆ ಮಗುವಿನ ತಳಮಳ ಹೆಚ್ಚುತ್ತದೆ. ಅದೇ ಕೆಲಸದಿಂದ ಮನೆಗೆ ಉಪಯೋಗವಾಯಿತು ಎಂದು ಮಗುವಿಗೆ ಅನಿಸಿದರೆ, ಮೈ ಹಗುರವಾಗುವುದರ ಜೊತೆಗೆ ಮನಸ್ಸಿಗೂ ಆತ್ಮಗೌರವ ದೊರೆಯುತ್ತದೆ. ದಿನವಿಡೀ ಬೈಸಿಕೊಳ್ಳುವ ಮಗುವಿಗೆ ಇದು ಅತ್ಯಗತ್ಯ.

ಬಿಗಿಯಾದ ಒತ್ತಡ

ಮೆಲ್ಲಗೆ ಸವರುವ ಸ್ಪರ್ಶಕ್ಕೂ ಬಿಗಿಯಾಗಿ ಒತ್ತುವ ಸ್ಪರ್ಶಕ್ಕೂ ವ್ಯತ್ಯಾಸವಿದೆ. ಮೈಮೇಲೆ ಇರುವೆ ಹರಿದಂತಾಗುವ ಸ್ಪರ್ಶ ಯಾರನ್ನಾದರೂ ಬೆಚ್ಚಿಬೀಳಿಸುತ್ತದೆ. ಸೂಕ್ಷ್ಮ ಚರ್ಮದ ಮಗುವಿಗೆ ಪ್ರೀತಿಯಿಂದ ಕೆನ್ನೆ ಸವರಿದರೂ ಹಾಗೆಯೇ ಆಗಬಹುದು. ಆದರೆ ಅದೇ ಮಗು ಬಿಗಿಯಾದ ಅಪ್ಪುಗೆಯಲ್ಲಿ ಸಮಾಧಾನ ಹೊಂದಬಹುದು.

ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರು ಸ್ವತಃ ಆಟಿಸಂ ಉಳ್ಳವರು. ದನಗಳಿಗೆ ಲಸಿಕೆ ಹಾಕುವಾಗ ಇಕ್ಕೆಲಗಳಿಂದ ಒತ್ತಿ ಹಿಡಿಯುವ ಚೌಕಟ್ಟಿನಲ್ಲಿ ಕೆಲವು ದನಗಳು ಶಾಂತವಾಗುವುದನ್ನು ಅವರು ಹರೆಯದಲ್ಲಿ ಕಂಡರು. ಆಮೇಲೆ ತಮಗಾಗಿ ಅಂಥದೇ ಒಂದು ಯಂತ್ರವನ್ನು ರೂಪಿಸಿಕೊಂಡರು. ಆ ಯಂತ್ರದ ಒತ್ತಡವನ್ನು ಏರಿಸುವ, ಇಳಿಸುವ ಹಿಡಿತ ಅವರ ಕೈಯಲ್ಲಿಯೇ ಇತ್ತು. ಪಾಲಕರು ಕಲಿಯಬೇಕಾದ ಪಾಠ ಇದೇ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದನ್ನು ಮಗುವೇ ಹೇಳಬೇಕು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಮಗು ಒಪ್ಪಿದರೆ ಹೆಗಲು, ತೋಳು, ಅಂಗೈಗಳನ್ನು ನಿಧಾನವಾಗಿ, ಬಿಗಿಯಾಗಿ ಒತ್ತುವುದು, ಸ್ನಾನಕ್ಕೆ ಮೊದಲು ಗಟ್ಟಿ ಕೈಯಿಂದ ಎಣ್ಣೆ ತಿಕ್ಕುವುದು, ಕೌದಿಯನ್ನು ನೆಲದ ಮೇಲೆ ಹಾಸಿ, ಮಗುವನ್ನು ಅದರಲ್ಲಿ ರೊಟ್ಟಿಯಂತೆ ಸುತ್ತಿ ಆಡಿಸುವುದು. ಕೌದಿಯ ಆಟದಲ್ಲಿ ತಲೆ ಮತ್ತು ಕುತ್ತಿಗೆ ಪೂರ್ತಿ ಹೊರಗಿರಬೇಕು. ಮಗು ತಾನಾಗಿಯೇ ಬಿಡಿಸಿಕೊಂಡು ಬರುವಷ್ಟು ಸಡಿಲವಿರಬೇಕು. ಹಿರಿಯರೊಬ್ಬರು ಪಕ್ಕದಲ್ಲಿಯೇ ಇರಬೇಕು. ಸುತ್ತಿದ ಮಗುವನ್ನು ಹಾಗೆಯೇ ನಿದ್ದೆಗೆ ಬಿಡಬಾರದು.

ಜೋಕಾಲಿ ಮತ್ತು ಲಯ

ತೊಟ್ಟಿಲು ತೂಗಿದರೆ ಕೂಸು ನಿದ್ರಿಸುತ್ತದೆ. ಒಳಕಿವಿಯ ಸಂವೇದನೆಗೆ ನಿಧಾನವಾದ, ಒಂದೇ ಲಯದ ಚಲನೆ ಹಿತಕರ ಎಂಬುದಕ್ಕೆ ಇದೇ ಸಾಕ್ಷಿ. ನಾಗರಪಂಚಮಿಗೆ ಕಟ್ಟುವ ಜೋಕಾಲಿ ಒಂದು ದಿನಕ್ಕೇ ಮುಗಿಯಬೇಕಿಲ್ಲ. ಗಟ್ಟಿಯಾದ ತೊಲೆಯಿದ್ದರೆ ಅದು ವರ್ಷವಿಡೀ ಇರಲಿ. ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗುವುದು ಸಾಮಾನ್ಯವಾಗಿ ಶಾಂತಗೊಳಿಸುತ್ತದೆ. ಗಿರಗಿರನೆ ತಿರುಗಿಸುವುದು, ಹಠಾತ್ತನೆ ನಿಲ್ಲಿಸುವುದು ಉದ್ರೇಕಗೊಳಿಸುತ್ತದೆ. ತಿರುಗಿದಾಗ ಮಗು ಕೇಕೆ ಹಾಕಿ ನಗುತ್ತದೆಯೆಂದು ಅದೇ ಹಿತವೆಂದು ತಿಳಿಯಬಾರದು. ಮೈಬಣ್ಣ ಬಿಳಿಚಿದರೆ, ಬೆವರಿದರೆ, ವಾಕರಿಕೆ ಬಂದರೆ ಕೂಡಲೇ ನಿಲ್ಲಿಸಬೇಕು.

ಜೋಕಾಲಿ ಕಟ್ಟಲು ಅನುಕೂಲವಿಲ್ಲದ ಪಟ್ಟಣದ ಮನೆಗಳಲ್ಲಿ ಸಂಜೆಯ ನಡಿಗೆಯಾದರೂ ಇರಲಿ. ಹಿರಿಯರ ಕಣ್ಗಾವಲಿನಲ್ಲಿ ಈಜುವುದು ಇನ್ನೂ ಒಳ್ಳೆಯದು. ನೀರು ಇಡೀ ಮೈಯನ್ನು ಸಮವಾಗಿ ಒತ್ತುತ್ತದೆ. ಕೈಕಾಲು ಬಡಿದಾಗ ಸ್ನಾಯುಗಳಿಗೆ ಕೆಲಸವೂ ದೊರೆಯುತ್ತದೆ. ಆದರೆ ಆಟಿಸಂ ಉಳ್ಳ ಮಕ್ಕಳಲ್ಲಿ ನೀರಿನ ಸೆಳೆತ ಹೆಚ್ಚು. ಕೆರೆ, ಬಾವಿ, ಕಾಲುವೆಯ ಬಳಿ ಒಂದು ಕ್ಷಣವೂ ಅವರನ್ನು ಒಂಟಿಯಾಗಿ ಬಿಡಬಾರದು.

ಯಾವಾಗ, ಎಷ್ಟು

ಮಗು ರಂಪ ಮಾಡಲು ತೊಡಗಿದ ಮೇಲೆ ಈ ಉಪಾಯಗಳನ್ನು ಹುಡುಕುವವರೇ ಹೆಚ್ಚು. ಆಗ ಹೊತ್ತು ಮೀರಿರುತ್ತದೆ. ಕಷ್ಟದ ಸಮಯ ಬರುವುದಕ್ಕೆ ಮೊದಲೇ ಮೈಗೆಲಸ ಆಗಿರಬೇಕು. ಶಾಲೆಗೆ ಹೊರಡುವ ಮುನ್ನ, ಅಭ್ಯಾಸಕ್ಕೆ ಕೂರುವ ಮುನ್ನ, ಕ್ಷೌರಕ್ಕೆ ಕರೆದೊಯ್ಯುವ ಮುನ್ನ, ಜನಸಂದಣಿಗೆ ಹೋಗುವ ಮುನ್ನ ಹತ್ತು ಹದಿನೈದು ನಿಮಿಷ ಭಾರದ ಕೆಲಸವಿರಲಿ. ಬೆಳಿಗ್ಗೆ ಗಿಡಗಳಿಗೆ ನೀರು, ಶಾಲೆಯಿಂದ ಬಂದೊಡನೆ ಅಂಗಳದ ಆಟ, ಸಂಜೆ ರೊಟ್ಟಿ ತಟ್ಟುವುದು, ಮಲಗುವ ಮುನ್ನ ನಿಧಾನವಾಗಿ ಕೈಕಾಲು ಒತ್ತುವುದು: ಹೀಗೆ ದಿನಚರಿಯಲ್ಲಿ ಹಂಚಿಕೊಂಡರೆ ಯಾರಿಗೂ ಹೊರೆಯಾಗುವುದಿಲ್ಲ. ಓಡುವ, ಜಿಗಿಯುವ ಆಟಗಳನ್ನು ಮಲಗುವ ಹೊತ್ತಿಗೆ ಇಟ್ಟುಕೊಳ್ಳಬಾರದು.

ಭಾರವೆಂದರೆ ಅತಿಭಾರವಲ್ಲ. ಶಾಲಾ ಚೀಲವು ಮಗುವಿನ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುತ್ತದೆ. ಹೊರುವ ಕೆಲಸಕ್ಕೂ ಅದೇ ಅಳತೆ ಸಾಕು. 20 ಕಿಲೋ ತೂಕದ ಮಗುವಿಗೆ 2 ಕಿಲೋ ಭಾರ.

ತಳಮಳ ಮಿತಿಮೀರಿ ಮಗು ಈಗಾಗಲೇ ಕಿರುಚಾಡುತ್ತಿದ್ದರೆ ಯಾವ ಕೆಲಸವನ್ನೂ ಹೇಳಬಾರದು. ಆಗ ಬೇಕಾದದ್ದು ಸದ್ದಿಲ್ಲದ ಜಾಗ, ಮಂದ ಬೆಳಕು, ಕಡಿಮೆ ಮಾತು. ಬುದ್ಧಿವಾದವೂ ಆ ಹೊತ್ತಿನಲ್ಲಿ ಇನ್ನೊಂದು ಸದ್ದು ಮಾತ್ರ.

ಎಲ್ಲ ಮಕ್ಕಳಿಗೂ ಒಂದೇ ಚಟುವಟಿಕೆ ಒಗ್ಗುವುದಿಲ್ಲ. ಎರಡು ವಾರಗಳ ಕಾಲ ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು: ಯಾವ ಹೊತ್ತು, ಯಾವ ಚಟುವಟಿಕೆ, ಆಮೇಲೆ ಮಗು ಹೇಗಿತ್ತು. ಹಿತವಾದದ್ದನ್ನು ಮುಂದುವರಿಸಿ, ಉಳಿದದ್ದನ್ನು ಬಿಡಬೇಕು.

ವೈದ್ಯರ ಸಲಹೆ ಬಿಡಬಾರದು

ಈ ಚಟುವಟಿಕೆಗಳಿಂದ ಆಟಿಸಂ ವಾಸಿಯಾಗುವುದಿಲ್ಲ. ಹಾಗೆಂದು ಭರವಸೆ ಕೊಟ್ಟು ಹಣ ಕೇಳುವವರನ್ನು ನಂಬಬಾರದು. ಇಂದ್ರಿಯ ಸಂವೇದನೆಯನ್ನು ಆಧರಿಸಿದ ಚಿಕಿತ್ಸೆಗಳನ್ನು ಸಮಗ್ರ ಚಿಕಿತ್ಸೆಯ ಒಂದು ಭಾಗವಾಗಿ ಬಳಸಬಹುದಾದರೂ, ಅವುಗಳ ಫಲದ ಬಗೆಗಿನ ಸಂಶೋಧನೆ ಸೀಮಿತವೆಂಬುದನ್ನು ಪಾಲಕರಿಗೆ ತಿಳಿಸಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದೆ. ಆದ್ದರಿಂದ ಮಾತಿನ ತರಬೇತಿ, ವರ್ತನೆಯ ತರಬೇತಿ, ವೈದ್ಯರು ಕೊಟ್ಟ ಔಷಧಿ ಇವುಗಳನ್ನು ಬಿಟ್ಟು ಇದೊಂದನ್ನೇ ಹಿಡಿಯುವುದು ತರವಲ್ಲ.

ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಕಿವಿಯ ಸೋಂಕಿರಬಹುದು. ತಲೆ ಬಡಿದುಕೊಳ್ಳುವ ಮಗುವಿಗೆ ಹಲ್ಲುನೋವಿರಬಹುದು. ಮೊದಲು ಅದನ್ನು ಪರೀಕ್ಷಿಸಬೇಕು. ಮೂರ್ಛೆರೋಗ, ಹೃದಯದ ತೊಂದರೆ ಅಥವಾ ಕೀಲಿನ ತೊಂದರೆಯಿರುವ ಮಕ್ಕಳಿಗೆ ಜೋಕಾಲಿಯನ್ನಾಗಲಿ ಭಾರದ ಕೆಲಸವನ್ನಾಗಲಿ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕುತ್ತಿಗೆಯ ಕೀಲು ಸಡಿಲವಾಗಿರುತ್ತದೆ. ವೈದ್ಯರು ಒಪ್ಪುವವರೆಗೆ ಅವರಿಗೆ ಲಾಗ ಹಾಕಿಸಬಾರದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡಿ, ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳುಹಿಸುವ ವ್ಯವಸ್ಥೆಯಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಇದನ್ನು ವಿಚಾರಿಸಬಹುದು. ಮಾತು ಮತ್ತು ಶ್ರವಣದ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮಕ್ಕಳ ಮಾನಸಿಕ ಆರೋಗ್ಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ಬಗೆಯ ವಿಕಲತೆಗಳಲ್ಲಿ ಆಟಿಸಂ ಕೂಡ ಸೇರಿದೆ. ಪ್ರಮಾಣಪತ್ರ ಪಡೆಯುವುದರಲ್ಲಿ ಸಂಕೋಚ ಬೇಡ.

ಭಕ್ತರಲ್ಲಿ ಒಂದು ಅರಿಕೆ

ಮನೆಯವರ ಪ್ರಯತ್ನದ ಜೊತೆಗೆ ಸಮುದಾಯದ ಸಹಕಾರವೂ ಬೇಕು. ಇಂತಹ ಮಗುವನ್ನು ಮಠಕ್ಕೆ ಕರೆತರುವವರು ಜನಸಂದಣಿ ಕಡಿಮೆಯಿರುವ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಬಹುದು. ರಥೋತ್ಸವವನ್ನು ವಾದ್ಯಗಳಿಂದ ದೂರ ನಿಂತು ನೋಡಬಹುದು. ಕಿವಿಗೆ ಹತ್ತಿಯನ್ನೋ ಸದ್ದು ತಡೆಯುವ ಸಾಧನವನ್ನೋ ಬಳಸಬಹುದು. ದಾಸೋಹದ ಮನೆಯಲ್ಲಿ ಕೂರಲಾಗದ ಮಗುವಿಗೆ ಹಿರಿಯರೊಂದಿಗೆ ಬಾಳೆಎಲೆಯ ಕಟ್ಟು ಹೊತ್ತು ತರುವ, ಚಾಪೆ ಸುತ್ತಿಡುವ ಸೇವೆಯನ್ನು ಕೊಡಬಹುದು. ಆಗ ಮೈಗೆ ಬೇಕಾದ ಕೆಲಸವೂ ಆಯಿತು, ಮಗು ಸಮುದಾಯದೊಳಗೆ ಉಳಿದಂತೆಯೂ ಆಯಿತು.

ಉಳಿದ ಭಕ್ತರು ಮಾಡಬೇಕಾದ ಸೇವೆ ಚಿಕ್ಕದು. ಕಿರುಚುತ್ತಿರುವ ಮಗುವಿನ ಸುತ್ತ ಗುಂಪುಗೂಡದೆ ದಾರಿ ಬಿಡಬೇಕು. ತಾಯಿಗೆ ಬುದ್ಧಿ ಹೇಳುವ ಬದಲು, ಏನು ಬೇಕು ತಾಯಿ ಎಂದು ಕೇಳಬೇಕು. ಅಷ್ಟಾದರೆ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತ ಎಷ್ಟೋ ಕುಟುಂಬಗಳು ಮುಂದಿನ ಜಾತ್ರೆಗೆ ಮಗುವಿನ ಕೈ ಹಿಡಿದುಕೊಂಡು ಬಂದಾವು.