ಕುಂಬಳದ ಬೇರು, ಕರಬೂಜದ ಪರಿಮಳ

ರಾಮನವಮಿಯ ಪಾನಕಕ್ಕೆ ಕರಬೂಜ ಆರಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ತೊಟ್ಟಿಗೆ ಎದುರಿನ ತುದಿಯನ್ನು ಮೂಗಿಗೆ ಹಿಡಿದು ಮೂಸುತ್ತೇನೆ. ಈ ಸಲ ಜೊತೆಗೆ ಬಂದಿದ್ದ ಮೊಮ್ಮಗಳು ಕೇಳಿದಳು: "ತಾತ, ಮಾವಿಗೆ ಕಟ್ಟುವ ಹಾಗೆ ಇದಕ್ಕೂ ಕಸಿ ಕಟ್ಟುತ್ತಾರಂತೆ. ಕುಂಬಳದ ಬೇರಿಗೆ ಕಟ್ಟಿದರೆ ಹಣ್ಣು ಕುಂಬಳದ ವಾಸನೆ ಬರಲ್ವಾ?"

ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಇದೆಲ್ಲಿ ಗೊತ್ತು? ಓದಿ ತಿಳಿದುಕೊಂಡೆ.

ತರಕಾರಿ ಬಳ್ಳಿಗಳ ಕಸಿ ಬಳಕೆಗೆ ಬಂದದ್ದು ಜಪಾನಿನಲ್ಲಿ, 1920ರ ದಶಕದಲ್ಲಿ, ಕಲ್ಲಂಗಡಿಯಿಂದ. ಒಂದೇ ಹೊಲದಲ್ಲಿ ವರ್ಷವರ್ಷವೂ ಅದೇ ಬಳ್ಳಿ ಬೆಳೆದರೆ ಮಣ್ಣಿನಲ್ಲಿ ಫ್ಯುಸೇರಿಯಮ್ ಎಂಬ ಶಿಲೀಂಧ್ರ ಹೆಚ್ಚುತ್ತದೆ. ಅದು ಬೇರಿನಿಂದ ಹೊಕ್ಕು ಬಳ್ಳಿಯನ್ನು ಬಾಡಿಸುತ್ತದೆ. ಕಾಯಿ ಕಚ್ಚಿದ ಮೇಲೆ ಬಾಡಿದರೆ ರೈತನ ಖರ್ಚೆಲ್ಲ ಮಣ್ಣುಪಾಲು. ಸಿಹಿಗುಂಬಳದ ಬೇರು ಈ ರೋಗಕ್ಕೆ ಜಗ್ಗುವುದಿಲ್ಲ. ಅದಕ್ಕೇ ಕುಂಬಳ, ಕರಬೂಜಗಳ ಎಳೆ ಸಸಿಗಳನ್ನು ಓರೆಯಾಗಿ ಕೊಯ್ದು, ಕುಂಬಳದ ಬುಡಕ್ಕೆ ಕರಬೂಜದ ಕುಡಿ ಕೂಡಿಸಿ, ಪುಟ್ಟ ಕ್ಲಿಪ್ ಹಾಕಿ, ಕೆಲವು ದಿನ ತೇವದ ನೆರಳಿನಲ್ಲಿಡುತ್ತಾರೆ.

ಹಣ್ಣಿಗೆ ಕುಂಬಳದ ವಾಸನೆ ಬರುವುದಿಲ್ಲ. ಅಡುಗೆ ಮಾಡುವುದು ಮೇಲಿನ ಕರಬೂಜವೇ. ಆದರೆ ನೀರು, ಲವಣ, ಕೆಲವು ಹಾರ್ಮೋನುಗಳನ್ನು ಒದಗಿಸುವುದು ಕೆಳಗಿನ ಬೇರು. ಕರಬೂಜದ ಘಮಕ್ಕೆ ಮುಖ್ಯ ಕಾರಣ ಎಸ್ಟರ್ ಎಂಬ ಬೇಗ ಆವಿಯಾಗುವ ವಸ್ತುಗಳು. ಬಾಳೆ, ಅನಾನಸ್ ಹಣ್ಣುಗಳಲ್ಲೂ ಇವೆ. ಹಣ್ಣು ಮಾಗುವಾಗ ಅದರೊಳಗೇ ಹುಟ್ಟುವ ಎಥಿಲೀನ್ ಅನಿಲ ಅಪ್ಪಣೆ ಕೊಟ್ಟಂತೆ, ಕೊನೆಯ ದಿನಗಳಲ್ಲಿ ಇವು ರಾಶಿಯಾಗಿ ತಯಾರಾಗುತ್ತವೆ. ಕುಂಬಳದ ಜೋರು ಬೇರು ಬಳ್ಳಿಯ ಬೆಳವಣಿಗೆಯನ್ನೂ ಮಾಗುವ ಸಮಯವನ್ನೂ ಬದಲಿಸಬಹುದು. ಕೆಲವು ಜೋಡಿಗಳಲ್ಲಿ ಎಸ್ಟರ್ ಇಳಿದು ಘಮ ಮಂಕಾಗುತ್ತದೆ. ಕೆಲವದರಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. ಯಾವ ತಳಿಗೆ ಯಾವ ಬೇರು ಎಂಬುದರ ಮೇಲೆ ಎಲ್ಲ ನಿಂತಿದೆ, ಥೇಟ್ ಮದುವೆಯ ಜಾತಕ!

ಹಾಗಾದರೆ ರೋಗ ತಡೆಯುವ ಬೇರೊಂದು ಕರಬೂಜದ ಬೇರಿಗೇ ಕಟ್ಟಬಾರದೇ? ಕಟ್ಟುತ್ತಾರೆ. ಸ್ವಂತ ಕುಲದ ಬೇರಾದ್ದರಿಂದ ಪರಿಮಳ ಕೆಡುವ ಭಯ ಕಡಿಮೆ. ಆದರೆ ಫ್ಯುಸೇರಿಯಮ್‌ನಲ್ಲೂ ಹಲವು ಬಗೆ. ಒಂದನ್ನು ತಡೆದ ಕರಬೂಜ ಇನ್ನೊಂದಕ್ಕೆ ಸೋಲಬಹುದು. ರೈತ ಗಟ್ಟಿ ಬೇರನ್ನೇ ಆರಿಸಿದರೆ ನಾನಂತೂ ತಪ್ಪೆನ್ನಲಾರೆ. ತೂಕಕ್ಕೆ ತಕ್ಕಡಿಯಿದೆ, ಸಿಹಿ ಅಳೆಯಲು ಕೈಯಲ್ಲಿ ಹಿಡಿಯುವ ಉಪಕರಣವಿದೆ. ಪರಿಮಳಕ್ಕೆ ಯಾರು ಹೆಚ್ಚು ದುಡ್ಡು ಕೊಡುತ್ತಾರೆ?

ಮಕ್ಕಳೇ, ಹಣ್ಣನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಮೂಸಬೇಡಿ. ತಣ್ಣಗಿದ್ದಾಗ ಎಸ್ಟರ್ ಹೆಚ್ಚು ಆವಿಯಾಗುವುದಿಲ್ಲ. ಸ್ವಲ್ಪ ಹೊತ್ತು ಹೊರಗಿಟ್ಟು ನೋಡಿ. ನಮ್ಮ ಮನೆಯಲ್ಲೂ ಹಾಗೇ ಮಾಡಿದೆವು. ಮೊಮ್ಮಗಳು ಎರಡು ಸಲ ಮೂಸಿ, "ಕುಂಬಳ ಇಲ್ಲ ತಾತ, ಹೆಚ್ಚಿ" ಎಂದಳು.